ಒಂದೇ ಮುಖ, ಎರಡು ಫೋಟೋ: ಪೋರ್ಟ್ರೇಟ್ ಫೋಟೋಗ್ರಫಿಯ ಮೊದಲ ಪಾಠ

ಫೆಸ್ಟ್ ಹತ್ತಿರ ಬಂತು ಅಂದ್ರೆ ಕ್ಯಾಂಪಸ್ಸಿನಲ್ಲಿ ಕ್ಯಾಮೆರಾ ಇರುವವರಿಗೆ ಎಲ್ಲಿಲ್ಲದ ಬೇಡಿಕೆ. ಪೋಸ್ಟರಿಗೊಂದು ಫೋಟೋ, ಸಂದರ್ಶನದ ಲೇಖನಕ್ಕೊಂದು ಫೋಟೋ, ಪ್ಲೇಸ್‌ಮೆಂಟ್ ಪ್ರೊಫೈಲಿಗೆ ಇನ್ನೊಂದು. ಎಲ್ಲವನ್ನೂ ಅದೇ ಗೋಡೆ ಮುಂದೆ, ಅದೇ ಬೆಳಕಿನಲ್ಲಿ ತೆಗೆದು ಮುಗಿಸಿಬಿಡುತ್ತೇವೆ. ಆದರೆ ಇದನ್ನೇ ವೃತ್ತಿ ಮಾಡಿಕೊಂಡವರು ಕ್ಯಾಮೆರಾವನ್ನು ಚೀಲದಿಂದ ತೆಗೆಯುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಈ ಫೋಟೋ ಯಾರಿಗೋಸ್ಕರ?

ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಕೆಲಸ ಎರಡು ದಾರಿಯಾಗುತ್ತದೆ. ಪತ್ರಿಕೆಯ ಲೇಖನದ ಜೊತೆ ಹೋಗುವುದು ಎಡಿಟೋರಿಯಲ್ ಪೋರ್ಟ್ರೇಟ್. ಅದು ಓದುಗರಿಗಾಗಿ. ಈ ಮನುಷ್ಯ ಎಂಥವರು ಅನ್ನುವುದನ್ನು ಓದುಗರಿಗೆ ಹೇಳಬೇಕು. ಫೋಟೋದಲ್ಲಿರುವವರಿಗೆ ಅದು ಇಷ್ಟವಾಗಲೇಬೇಕು ಅಂತೇನಿಲ್ಲ. ಕಂಪನಿ, ಸಿನಿಮಾ, ನಾಟಕ, ಪುಸ್ತಕದ ಪ್ರಚಾರಕ್ಕೆ ತೆಗೆಯುವುದು ಪ್ರಮೋಷನಲ್ ಪೋರ್ಟ್ರೇಟ್. ಅದು ದುಡ್ಡು ಕೊಟ್ಟವರಿಗಾಗಿ. ಅವರಿಗೆ ಬೇಕಾದ ಭಾವ, ಅವರ ಬಣ್ಣ, ಅವರ ಅಕ್ಷರ ಕೂರಿಸಲು ಜಾಗ, ಎಲ್ಲವೂ ಅದರಲ್ಲಿರಬೇಕು.

ಎರಡು ಹಳೆಯ ಚಿತ್ರಗಳು

1941ರ ಡಿಸೆಂಬರ್ 30. ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಕೆನಡಾದ ಒಟ್ಟಾವಾದಲ್ಲಿ ಸಂಸತ್ತನ್ನು ಉದ್ದೇಶಿಸಿ ಮಾತನಾಡಿ, ಸ್ಪೀಕರ್ ಕೊಠಡಿಗೆ ಬಂದರು. ಅಲ್ಲಿ ಯೂಸುಫ್ ಕಾರ್ಶ್ ಎಂಬ ಫೋಟೋಗ್ರಾಫರ್ ಹಿಂದಿನ ರಾತ್ರಿಯೇ ದೀಪಗಳನ್ನು ಜೋಡಿಸಿಟ್ಟು ಕಾಯುತ್ತಿದ್ದರು. ಫೋಟೋ ತೆಗೆಯುವ ವಿಷಯ ಚರ್ಚಿಲ್‌ಗೆ ಗೊತ್ತೇ ಇರಲಿಲ್ಲ. ಒಂದೇ ಒಂದು ತೆಗೆದುಕೊಳ್ಳಿ ಎಂದು ಒಪ್ಪಿದರು, ಆದರೆ ಬಾಯಲ್ಲಿದ್ದ ಚುಟ್ಟಾ ಬಿಡಲಿಲ್ಲ. ಕಾರ್ಶ್ ಕ್ಯಾಮೆರಾ ಸಿದ್ಧಮಾಡಿಕೊಂಡು ಹತ್ತಿರ ಹೋಗಿ, ಕ್ಷಮಿಸಿ ಎಂದು ಹೇಳುತ್ತಲೇ ಆ ಚುಟ್ಟಾವನ್ನು ಕಿತ್ತುಕೊಂಡು ಬಂದು ಕ್ಲಿಕ್ ಮಾಡಿದರು. ಚರ್ಚಿಲ್ ಮುಖ ಗಂಟಿಕ್ಕಿತು. ಯುದ್ಧಕಾಲದ ಬ್ರಿಟನ್ನಿನ ಹಟದ ಗುರುತಾಗಿ ಜಗತ್ತು ಕಂಡದ್ದು ಆ ಮುಖವನ್ನೇ. 2016ರಲ್ಲಿ ಬಂದ 5 ಪೌಂಡ್ ನೋಟಿನ ಮೇಲೂ ಅದೇ ಇದೆ. ಆಮೇಲೆ ಚರ್ಚಿಲ್ ನಗುತ್ತಾ ಇನ್ನೊಂದು ಫೋಟೋ ತೆಗೆಯಲು ಬಿಟ್ಟರು. ಆ ಚಿತ್ರವನ್ನು ಬಲ್ಲವರು ಕಡಿಮೆ.

ಇಲ್ಲಿ ಕಲಿಯಬೇಕಾದ್ದು ಚುಟ್ಟಾ ಕಿತ್ತುಕೊಳ್ಳುವುದನ್ನಲ್ಲ! ಸಿಕ್ಕಿದ್ದು ಕೆಲವೇ ನಿಮಿಷ. ಬೆಳಕಿನ ಲೆಕ್ಕ ರಾತ್ರಿಯೇ ಮುಗಿದಿದ್ದರಿಂದ ಆ ನಿಮಿಷಗಳಲ್ಲಿ ಕಾರ್ಶ್ ಬರೀ ಮುಖ ನೋಡುತ್ತಿದ್ದರು. ಪತ್ರಿಕೆಗೆ ಕೆಲಸ ಮಾಡುವಾಗ ಸಿಗುವ ಸಮಯವೂ ಬಹಳ ಸಲ ಇಷ್ಟೇ.

ಎರಡನೆಯದು 1963ರದ್ದು. ಜರ್ಮನಿಯ ಉಕ್ಕಿನ ಉದ್ಯಮಿ ಆಲ್ಫ್ರೆಡ್ ಕ್ರುಪ್ ಅವರ ಫೋಟೋ ತೆಗೆಯಲು ನ್ಯೂಸ್‌ವೀಕ್ ಪತ್ರಿಕೆ ಆರ್ನಲ್ಡ್ ನ್ಯೂಮನ್ ಅವರನ್ನು ಕೇಳಿತು. ಕ್ರುಪ್ ನಾತ್ಸಿ ಕಾಲದಲ್ಲಿ ತನ್ನ ಕಾರ್ಖಾನೆಗಳಲ್ಲಿ ಜನರನ್ನು ಗುಲಾಮರಂತೆ ದುಡಿಸಿಕೊಂಡವನು. 1948ರಲ್ಲಿ ನ್ಯೂರೆಂಬರ್ಗಿನಲ್ಲಿ ಶಿಕ್ಷೆಯಾಗಿ, 1951ರಲ್ಲಿ ಬಿಡುಗಡೆಯಾಗಿದ್ದ. ನ್ಯೂಮನ್ ಯಹೂದಿ. ಮೊದಲು ಆಗಲ್ಲ ಅಂದರು, ಆಮೇಲೆ ಒಪ್ಪಿಕೊಂಡು ಕ್ರುಪ್‌ನನ್ನು ಕಾರ್ಖಾನೆಯಲ್ಲೇ ಕೂರಿಸಿದರು. ಎರಡೂ ಪಕ್ಕದಿಂದ ದೀಪ ಹಾಕಿದರು, ಮುಂದಿನಿಂದ ಹಾಕಲಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿ ಅಂದರು. ಕೆನ್ನೆಗಳ ಮೇಲೆ ಬೆಳಕು ಬಿದ್ದು ಕಣ್ಣುಗಳು ನೆರಳಿಗೆ ಸರಿದವು, ಮುಖ ಭಯಾನಕವಾಯಿತು. ಅದೇ ಕಾರ್ಖಾನೆ, ಅದೇ ಮನುಷ್ಯ, ಆದರೆ ಮುಂದಿನಿಂದ ಒಂದು ಮೆದು ಬೆಳಕು ಹಾಕಿದ್ದರೆ ಕಂಪನಿಯ ವಾರ್ಷಿಕ ವರದಿಗೆ ಒಪ್ಪುವ ಚಿತ್ರವಾಗುತ್ತಿತ್ತು.

ಬೆಳಕನ್ನು ಇಡುವ ಜಾಗ ಅಂದ್ರೆ ಆ ಮನುಷ್ಯನ ಬಗ್ಗೆ ನಾವು ಹೇಳುವ ಮಾತು. ಟ್ರೈಪಾಡ್, ಲೆನ್ಸ್ ಎಲ್ಲ ಬರೋದು ಆಮೇಲೆ.

ನಮಗೆ ಗೊತ್ತಿರುವ ಫಿಸಿಕ್ಸ್ ಇಲ್ಲೇ ಇದೆ

ದೂರದಿಂದ ಶುರು ಮಾಡೋಣ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಫೋನನ್ನು 40 ಸೆಂ.ಮೀ. ದೂರದಲ್ಲಿ ಹಿಡಿದರೆ ಮೂಗು 40ರಲ್ಲಿ, ಕಿವಿ 52ರಲ್ಲಿ. ಅಂದರೆ ಕಿವಿಗೆ ಹೋಲಿಸಿದರೆ ಮೂಗು 30% ದೊಡ್ಡದಾಗಿ ಕಾಣುತ್ತದೆ. 2 ಮೀಟರ್ ಹಿಂದೆ ಸರಿದರೆ 200 ಮತ್ತು 212. ವ್ಯತ್ಯಾಸ ಬರೀ 6%. ಪೋರ್ಟ್ರೇಟಿಗೆ 85 ಎಂ.ಎಂ. ಲೆನ್ಸ್ ಒಳ್ಳೆಯದು ಅನ್ನುವುದರ ಗುಟ್ಟು ಇಷ್ಟೇ. ಲೆನ್ಸ್ ಮುಖದ ಆಕಾರ ಬದಲಿಸುವುದಿಲ್ಲ. ಅದು ನಮ್ಮನ್ನು ಹಿಂದೆ ನಿಲ್ಲುವಂತೆ ಮಾಡುತ್ತದೆ, ಆಕಾರ ಬದಲಿಸುವುದು ಆ ದೂರ.

ಇನ್ನು ಬೆಳಕು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ, ಇದು ವಿಲೋಮ ವರ್ಗ ನಿಯಮ. ಮುಖದಿಂದ ಗೋಡೆಗೆ 2 ಮೀಟರ್ ಇದೆ ಎನ್ನಿ. ಸಣ್ಣ ಫ್ಲ್ಯಾಶನ್ನು ಮುಖಕ್ಕೆ 1 ಮೀಟರ್ ಮುಂದೆ ಇಟ್ಟರೆ ಗೋಡೆಗೆ 3 ಮೀಟರ್. ಗೋಡೆಗೆ ಸಿಗುವುದು ಮುಖಕ್ಕೆ ಸಿಗುವುದರ 1/9. ಬಿಳಿ ಗೋಡೆ ಕಪ್ಪುಬೂದಿಯಾಗಿ ಮುಖ ಮಾತ್ರ ಎದ್ದು ಕಾಣುತ್ತದೆ. ಫ್ಲ್ಯಾಶನ್ನು 2 ಮೀಟರಿಗೆ ಒಯ್ದರೆ ಗೋಡೆಗೆ 1/4 ಸಿಗುತ್ತದೆ, ಹಿನ್ನೆಲೆ ತಿಳಿಯಾಗುತ್ತದೆ. ದೀಪ ಒಂದೇ, ಗೋಡೆ ಒಂದೇ, ಹೆಜ್ಜೆ ಎರಡು, ಅಷ್ಟಕ್ಕೇ ಚಿತ್ರದ ಮನಸ್ಥಿತಿ ಬೇರೆ.

ನೆರಳಿನ ಅಂಚು ಮೆತ್ತಗಿರಬೇಕಾದರೆ ದೀಪ ಮುಖದ ಕಡೆಯಿಂದ ನೋಡಿದಾಗ ದೊಡ್ಡದಾಗಿ ಕಾಣಬೇಕು. ಸಾಫ್ಟ್‌ಬಾಕ್ಸ್ ಇಲ್ಲವೇ? ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕೂರಿಸಿ, ಎದುರು ಬದಿಗೆ ಒಂದು ಥರ್ಮೋಕೋಲ್ ಹಲಗೆ ಹಿಡಿಸಿ. ಅದೇ ಹಲಗೆಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿದರೆ ಆ ಕಡೆಯ ಕೆನ್ನೆ ನೆರಳಿಗೆ ಹೋಗುತ್ತದೆ.

ಸೆಮಿನಾರ್ ಹಾಲಿನ ಅಗ್ಗದ ಎಲ್‌ಇಡಿಗಳ ಕೆಳಗೆ ಚಿತ್ರದಲ್ಲಿ ಪಟ್ಟಿಗಳು ಬಂದರೆ ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/100 ಅಥವಾ 1/50 ಇಡಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಕೊನೆಯದು ತುಂಬಾ ಮುಖ್ಯ. ಕ್ಯಾಮೆರಾದ ಮೀಟರಿಗೆ ಮುಖ ಯಾವುದು, ಗೋಡೆ ಯಾವುದು ಗೊತ್ತಿಲ್ಲ. ಕಂಡದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಮೈಬಣ್ಣದವರನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಮೀಟರು ಗೋಡೆಯನ್ನು ನೋಡಿ ಬೆಳಕು ತಗ್ಗಿಸುತ್ತದೆ, ಮುಖ ಮಸಿಯಾಗುತ್ತದೆ. ಆಮೇಲೆ ಅವರನ್ನೇ ನೋಡಿ "ನಿನ್ನ ಫೋಟೋ ಸರಿ ಬರಲ್ಲ ಕಣೋ" ಅನ್ನುತ್ತೇವೆ. ಸರಿ ಬರದಿರುವುದು ಮುಖವಲ್ಲ, ಎಕ್ಸ್‌ಪೋಷರ್. ಸ್ಪಾಟ್ ಮೀಟರನ್ನು ಮುಖದ ಮೇಲೇ ಇಟ್ಟು ಅಳೆಯಿರಿ, ಹಿನ್ನೆಲೆಗೆ ಗಾಢ ಬಣ್ಣ ಆರಿಸಿ.

ಪ್ರಚಾರದ ಕೆಲಸದ ಶಿಸ್ತು

ಒಂದು ಕಂಪನಿಯ 40 ಜನರ ಫೋಟೋ ತೆಗೆಯಬೇಕು ಎನ್ನಿ. ಇಲ್ಲಿ ಕಲೆಗಿಂತ ಹೆಚ್ಚು ಬೇಕಾಗುವುದು ಲ್ಯಾಬ್ ರೆಕಾರ್ಡಿನ ಬುದ್ಧಿ. ಕುರ್ಚಿ, ದೀಪ, ಟ್ರೈಪಾಡ್ ಇದ್ದ ಜಾಗಗಳಿಗೆ ನೆಲದ ಮೇಲೆ ಟೇಪ್ ಅಂಟಿಸಿ, ಅಳತೆ ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಹೊಸಬರು ಸೇರಿದಾಗ ಅವರ ಫೋಟೋ ಉಳಿದವರದ್ದಕ್ಕೆ ಹೊಂದಬೇಕು. ಅಡ್ಡ, ಉದ್ದ ಎರಡೂ ತೆಗೆಯಿರಿ, ಅಕ್ಷರಕ್ಕೆ ಖಾಲಿ ಜಾಗ ಬಿಡಿ.

ರಿಟಚ್ ಮಾಡುವಾಗ ಒಂದು ಸರಳ ನಿಯಮ: ಎರಡು ವಾರದಲ್ಲಿ ತಾನಾಗಿ ಹೋಗುವ ಮೊಡವೆಯನ್ನು ತೆಗೆಯಬಹುದು. ಮಚ್ಚೆ, ಗಾಯದ ಗುರುತು, ಮೈಬಣ್ಣ ಅವರವು. ಅವರನ್ನು ಕೇಳದೆ ಮುಟ್ಟಬೇಡಿ.

ಕಾಗದದ ಕೆಲಸವೂ ಇದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಫ್ರೀಲಾನ್ಸ್ ಮಾಡುವವರು ಹಕ್ಕು ಯಾರದ್ದು, ಎಲ್ಲೆಲ್ಲಿ, ಎಷ್ಟು ಕಾಲ ಬಳಸಬಹುದು ಅನ್ನುವುದನ್ನು ಮೊದಲೇ ಬರೆಸಿಕೊಳ್ಳಬೇಕು. ಫೋಟೋದಲ್ಲಿ ಇರುವವರಿಂದ ಒಪ್ಪಿಗೆ ಪತ್ರ ಪಡೆಯುವುದು ಬೇರೆಯೇ ವಿಷಯ. ಲೇಖನಕ್ಕೆ ಅಂತ ಹೇಳಿ ತೆಗೆದದ್ದನ್ನು ಜಾಹೀರಾತಿಗೆ ಹಾಕುವುದು ಮೋಸ.

ಈ ವಾರದ ಅಭ್ಯಾಸ

ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು ಪತ್ರಿಕೆಗಳಿಗೆ ದುಡಿದು 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ ಚಿತ್ರಗಳಿಂದ. ನೀವೂ ಅಲ್ಲಿಂದಲೇ ಶುರು ಮಾಡಿ. ಮೆಸ್ಸಿನ ಅಡುಗೆಯವರನ್ನೋ, ವರ್ಕ್‌ಶಾಪಿನ ಇನ್‌ಸ್ಟ್ರಕ್ಟರನ್ನೋ ಹದಿನೈದು ನಿಮಿಷ ಕೇಳಿಕೊಳ್ಳಿ. ಏತಕ್ಕೆ ಅಂತ ಮೊದಲೇ ಹೇಳಿ. ಹಿಂದಿನ ದಿನ ಗೆಳೆಯನನ್ನು ಕೂರಿಸಿ ಬೆಳಕು ಸರಿಮಾಡಿಕೊಳ್ಳಿ. ಮೊದಲ ಫೋಟೋ ಅವರ ಬದುಕಿನ ಬಗೆಗಿನ ಲೇಖನಕ್ಕೆ: ಅವರು ಕೆಲಸ ಮಾಡುವ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಕೈಗಳೂ ಕಾಣುವಂತೆ. ಎರಡನೆಯದು ಕಾಲೇಜಿನ ಪೋಸ್ಟರಿಗೆ: ಮೆದು ಬೆಳಕು, ಖಾಲಿ ಹಿನ್ನೆಲೆ, ಒಂದು ಬದಿಗೆ ಅಕ್ಷರಕ್ಕೆ ಜಾಗ.

ನ್ಯೂಮನ್ ತನ್ನ ಬೆಳಕನ್ನು ತಿರುಗಿಸಿದ್ದು ಅಧಿಕಾರ ಇದ್ದವನ ಮೇಲೆ, ಓದುಗರಿಗೆ ಒಂದು ಸತ್ಯ ತೋರಿಸಲು. ಮೆಸ್ಸಿನ ಅಣ್ಣನಿಗೆ ನಮ್ಮ ಎದುರು ಅಂಥ ಅಧಿಕಾರ ಏನೂ ಇಲ್ಲ. ಕನಿಕರ ಬರಲಿ ಅಂತ ಅವರನ್ನು ಕತ್ತಲಲ್ಲಿ ಕೂರಿಸಿದರೆ ನಮ್ಮ ಕಥೆಗೆ ಅವರ ಮುಖ ಬಳಸಿಕೊಂಡಂತೆ ಆಗುತ್ತದೆ. ಎರಡೂ ಫೋಟೋಗಳನ್ನು ಅವರ ಮುಂದಿಟ್ಟು, ಇದರಲ್ಲಿ ನೀವು ಇದ್ದೀರಾ ಅಂತ ಕೇಳಿ. ಇಲ್ಲ ಅಂದರೆ ಯಾಕೆ ಅಂತ ಕೇಳಿ ಬರೆದುಕೊಳ್ಳಿ. ಆಮೇಲೆ ಇಬ್ಬರೂ ಒಪ್ಪಿದ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಟ್ಟು ಬನ್ನಿ.