ಹತ್ತರಿಂದ ಐದರವರೆಗಿನ ಕರೆಂಟು

ಇನ್ವರ್ಟರ್, ಬ್ಯಾಟರಿ ಸೇರಿ 42 ಸಾವಿರ ಕೊಟ್ಟೆ ಎಂದರೆ ಎಲ್ಲರೂ ಕೇಳುವುದು ಒಂದೇ: ಹೆಚ್ಚುಕಡಿಮೆ ಅರ್ಧ ದುಡ್ಡಿಗೆ ಟ್ಯೂಬುಲರ್ ಸೆಟ್ಟು ಬರುತ್ತಿತ್ತಲ್ಲ? ಬರುತ್ತಿತ್ತು. 150 ಎಎಚ್ ಬ್ಯಾಟರಿ, ಇನ್ವರ್ಟರ್, ಟ್ರಾಲಿ ಎಲ್ಲ ಸೇರಿ 23 ಸಾವಿರಕ್ಕೆ ಮನೆಗೇ ತಂದು ಕೂಡಿಸಿಕೊಡುತ್ತೇನೆ ಎಂದು ಚಳ್ಳಕೆರೆಯ ಅಂಗಡಿಯವರೇ ಹೇಳಿದ್ದರು. ಆದರೂ ಲಿಥಿಯಂ ತೆಗೆದುಕೊಂಡೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಮನೆಯಲ್ಲೇ ಕೂತು ಕಂಪ್ಯೂಟರಿನಿಂದ ದುಡಿಯುವವರು ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. ಅವರಲ್ಲಿ ಅನೇಕರು ಬೇಕಾದದ್ದಕ್ಕೆ ದುಡ್ಡು ಹಿಡಿದು, ಬೇಡದ್ದಕ್ಕೆ ಸುರಿಯುತ್ತಿರುವುದನ್ನು ನೋಡುತ್ತಿದ್ದೇನೆ.

ನನ್ನದು ಜಿಎಸ್‌ಟಿ, ಆದಾಯ ತೆರಿಗೆಯ ಕೆಲಸ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನವರು, ಕಂಬಳಿ ವ್ಯಾಪಾರಿಗಳು, ಮೊಳಕಾಲ್ಮೂರಿನ ರೇಷ್ಮೆ ಸೀರೆಯವರು ನನ್ನ ಗಿರಾಕಿಗಳು. ಈ ಕೆಲಸದಲ್ಲಿ ಕರೆಂಟು ಹೋದರೆ ಆಗುವ ನಷ್ಟ ನನ್ನೊಬ್ಬಳದಲ್ಲ. ಮಿಲ್ಲಿನ ಗುಮಾಸ್ತ ಫೋನ್ ಮಾಡಿ “ಮೇಡಂ, ಲಾರಿ ಲೋಡಾಗಿ ನಿಂತೈತೆ, ಬಿಲ್ಲು ಕಳ್ಸಿ” ಎನ್ನುತ್ತಾನೆ. 50 ಸಾವಿರ ರೂಪಾಯಿ ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ಹೊರಟು ದಾರಿಯಲ್ಲಿ ಸಿಕ್ಕಿದರೆ ತೆರಿಗೆಯ ಎರಡರಷ್ಟು ದಂಡ. ಇತ್ತ ಡ್ರೈವರ್ ಕಾಯುತ್ತಿರುತ್ತಾನೆ, ಹಮಾಲರ ಕೂಲಿ ಆಗಿಹೋಗಿರುತ್ತದೆ.

ಎರಡನೇ ಮಾನಿಟರ್ ತಂದದ್ದೂ ಈ ಬಿಲ್ಲು ಬೇಗ, ತಪ್ಪಿಲ್ಲದೆ ಹೊರಡಲೆಂದೇ. ಮೊದಲು ಒಂದೇ ಪರದೆಯಲ್ಲಿ ಟ್ಯಾಲಿ ತೆರೆದು, 15 ಅಕ್ಷರದ ಜಿಎಸ್‌ಟಿ ನಂಬರನ್ನು ಚೀಟಿಯ ಮೇಲೆ ಬರೆದುಕೊಂಡು, ಆಮೇಲೆ ಪೋರ್ಟಲ್ ತೆರೆದು ಅಲ್ಲಿ ಹೊಡೆಯಬೇಕಿತ್ತು. ಸೊನ್ನೆಯ ಜಾಗದಲ್ಲಿ ‘ಓ’ ಬಿದ್ದರೆ ಮತ್ತೆ ಮೊದಲಿನಿಂದ. ಗಾಡಿ ನಂಬರಿನ ಒಂದೆರಡು ಅಂಕಿ ತಪ್ಪಾದರೆ ಸಾವಿರ ರೂಪಾಯಿ ದಂಡದಲ್ಲಿ ಮುಗಿಸುವ ಸುತ್ತೋಲೆ 2018ರಲ್ಲೇ ಬಂದಿದೆ ನಿಜ, ಆದರೆ ಆ ಸಾವಿರವನ್ನು ಗಿರಾಕಿ ಯಾಕೆ ಕಟ್ಟಬೇಕು? ಈಗ ಎಡಗಡೆ ಟ್ಯಾಲಿ, ಬಲಗಡೆ ಪೋರ್ಟಲ್. ಕಣ್ಣು ಆಚೆ ಈಚೆ ಹೊರಳಿದರೆ ಸಾಕು. 22 ಇಂಚಿನ ಮಾನಿಟರಿಗೆ ಕೊಟ್ಟ 7 ಸಾವಿರದಷ್ಟು ಬೇಗ ದುಡಿದು ತೀರಿಸಿದ ಸಾಮಾನು ನನ್ನ ಮನೆಯಲ್ಲಿ ಇನ್ನೊಂದಿಲ್ಲ. ಎರಡು ಮಾನಿಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಸಿಪಿಯು ಹಿಂಭಾಗ ನೋಡಿ. ಎಚ್‌ಡಿಎಂಐ ಒಂದು, ವಿಜಿಎ ಒಂದು ಇದ್ದರೆ ಲೆಕ್ಕಪತ್ರದ ಕೆಲಸಕ್ಕೆ ಸಾಮಾನ್ಯವಾಗಿ ಅಷ್ಟೇ ಸಾಕು.

ಇನ್ನು ಬ್ಯಾಟರಿಯ ಮಾತು. ಅಂಗಡಿಯಲ್ಲಿ “ಎಷ್ಟು ಪಾಯಿಂಟು ಮೇಡಂ, ಎಷ್ಟು ಫ್ಯಾನು?” ಎಂದು ಶುರುಮಾಡುತ್ತಾರೆ. ಹಾಗೆ ಅಂದಾಜಿನಲ್ಲಿ ಕೊಳ್ಳುವುದು ಬೇಡ. ಮನೆಯ ಕರೆಂಟ್ ಮೀಟರೇ ಸರಿಯಾದ ಲೆಕ್ಕ ಕೊಡುತ್ತದೆ. ಮೀಟರಿನ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂದು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಮ್ಮ ಮೀಟರಿನಲ್ಲಿ 3200. ಫ್ರಿಜ್, ಫ್ಯಾನು, ದೀಪ ಎಲ್ಲ ಆರಿಸಿ, ಕಂಪ್ಯೂಟರ್, ಎರಡು ಮಾನಿಟರ್, ವೈಫೈ ಡಬ್ಬಿ ಮಾತ್ರ ಬಿಟ್ಟು ಗಡಿಯಾರ ಹಿಡಿದು ಎಣಿಸಿದೆ. 3 ನಿಮಿಷಕ್ಕೆ 20 ಮಿಣುಕು. ಅಂದರೆ ಗಂಟೆಗೆ 400. 3200ಕ್ಕೆ ಒಂದು ಯೂನಿಟ್ ಆದರೆ 400ಕ್ಕೆ ಅದರ ಎಂಟನೇ ಒಂದು ಭಾಗ, 125 ವ್ಯಾಟ್. ಒಂದು ಮಾನಿಟರ್ ಆರಿಸಿ ಎಣಿಸಿದರೆ 17. ಅಲ್ಲಿಗೆ ಎರಡನೇ ಮಾನಿಟರಿನ ಖರ್ಚು ಸುಮಾರು 19 ವ್ಯಾಟ್, ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 4 ಯೂನಿಟ್.

ಎಷ್ಟು ಹೊತ್ತಿಗೆ ಬೇಕು? ನಮ್ಮಲ್ಲಿ ದುರಸ್ತಿಗೆಂದು ಕರೆಂಟು ತೆಗೆಯುವ ದಿನ ಸಾಮಾನ್ಯವಾಗಿ ಬೆಳಿಗ್ಗೆ 10ರಿಂದ ಸಂಜೆ 5. ಏಳು ಗಂಟೆಗೆ 125 ವ್ಯಾಟ್ ಎಂದರೆ 875 ವ್ಯಾಟ್-ಅವರ್. ಈಗ ಬ್ಯಾಟರಿಗೆ ಬನ್ನಿ. ಲಿಥಿಯಂ 12.8 ವೋಲ್ಟ್, 100 ಎಎಚ್, ಗುಣಿಸಿದರೆ 1280. ಅದರಲ್ಲಿ ಶೇ 90 ಬಳಸಬಹುದು, 1152. ಇನ್ವರ್ಟರ್ ತಾನೇ ತಿನ್ನುವ ಶೇ 15 ಕಳೆದರೆ 979 ಉಳಿಯುತ್ತದೆ. 875 ಬೇಕಿತ್ತು, 979 ಇದೆ. ಟ್ಯೂಬುಲರ್‌ನಲ್ಲಿ 12 ವೋಲ್ಟ್, 150 ಎಎಚ್, 1800. ಅದರಲ್ಲಿ ಶೇ 80ಕ್ಕಿಂತ ಹೆಚ್ಚು ಬಳಸಬಾರದು ಎಂದು ಹಿಡಿದು, ಅದೇ ಶೇ 15 ಕಳೆದರೆ 1224. ಹೊಸದರಲ್ಲಿ ಟ್ಯೂಬುಲರ್ರೇ ಮುಂದೆ, ಒಪ್ಪಿದೆ.

ದುಡ್ಡಿನ ಲೆಕ್ಕದಲ್ಲೂ ಅದೇ ಮುಂದೆ. 23 ಸಾವಿರದಲ್ಲಿ ಇನ್ವರ್ಟರಿಗೆ 7, ಬ್ಯಾಟರಿಗೆ 16. ನಾಲ್ಕು ವರ್ಷಕ್ಕೆ ಬ್ಯಾಟರಿ ಬದಲಿಸಿದರೆ ಎಂಟು ವರ್ಷಕ್ಕೆ 7 ಮತ್ತು 32, ಒಟ್ಟು 39 ಸಾವಿರ. ಹಳೆ ಬ್ಯಾಟರಿ ಎಕ್ಸ್‌ಚೇಂಜಿಗೆ 3 ಸಾವಿರ ಬಂತೆನ್ನಿ, 36. ನಾನು ಕೊಟ್ಟದ್ದು 42. ಅದೂ ಲಿಥಿಯಂ ಎಂಟು ವರ್ಷ ಬಂದರೆ. ಗ್ಯಾರಂಟಿ ಕಾರ್ಡಿನಲ್ಲಿ ಬರೆದಿರುವುದು 5 ವರ್ಷ.

ಹಾಗಿದ್ದೂ ಆ ಆರು ಸಾವಿರ ಹೆಚ್ಚಿಗೆ ಕೊಡಲು ಮೊದಲ ಕಾರಣ ನಮ್ಮೂರಿನ ಬಿಸಿಲು. ಟ್ಯೂಬುಲರ್‌ನಂಥ ಸೀಸದ ಬ್ಯಾಟರಿಯ ಆಯುಸ್ಸನ್ನು ಲೆಕ್ಕ ಹಾಕುವುದು 25 ಡಿಗ್ರಿಯ ಆಸುಪಾಸಿನ ಸೆಕೆಗೆ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಾನು ಕೂರುವ ಕೋಣೆ ಮಹಡಿಯ ಮೇಲೆ, ಆರ್‌ಸಿಸಿ ಕೆಳಗೆ. ಏಪ್ರಿಲ್‌ನಲ್ಲಿ ರಾತ್ರಿ ಊಟದ ಹೊತ್ತಿಗೂ ಗೋಡೆ ಬಿಸಿ. ಅಲ್ಲಿ ನಾಲ್ಕು ವರ್ಷ ಎಂಬುದೇ ದೊಡ್ಡ ಮನಸ್ಸಿನ ಅಂದಾಜು. ಲಿಥಿಯಂ ಕೂಡ ಸೆಕೆಗೆ ಬಳಲುತ್ತದೆ, ಆದರೆ ಇಷ್ಟು ಬೇಗ ಅಲ್ಲ. ಎರಡನೆಯದು ಚಾರ್ಜಾಗುವ ಹೊತ್ತು. ಮುಂಗಾರಿಗೆ ಮುಂಚೆ ಗಾಳಿ ಎದ್ದರೆ ಕರೆಂಟು ಹೋಗುತ್ತದೆ, ಎರಡು ಗಂಟೆ ಬರುತ್ತದೆ, ಮತ್ತೆ ಹೋಗುತ್ತದೆ. ಖಾಲಿಯಾದ ಟ್ಯೂಬುಲರ್ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ನನ್ನದು ನಾಲ್ಕು ಗಂಟೆಗೆ ತುಂಬುತ್ತದೆ. ಎರಡು ಗಂಟೆ ಬಂದು ಹೋದ ಕರೆಂಟಿನಿಂದ ಅರ್ಧ ಬ್ಯಾಟರಿ ಸಿಗುತ್ತದೆ. ಜೊತೆಗೆ, ಮಕ್ಕಳು ಓಡಾಡುವ ಕೋಣೆಯಲ್ಲಿ ಆ್ಯಸಿಡ್ ಇಲ್ಲ, ಡಿಸ್ಟಿಲ್ಡ್ ವಾಟರ್ ತುಂಬುವ ಕೆಲಸವಿಲ್ಲ. ಕೆಳಗಡೆ ತಂಪಾದ, ಗಾಳಿಯಾಡುವ ಜಾಗ ಇದ್ದವರಿಗೆ, ವಾರಕ್ಕೊಮ್ಮೆ ಒಂದು ಗಂಟೆ ಕರೆಂಟು ಹೋಗುವವರಿಗೆ ಟ್ಯೂಬುಲರ್ರೇ ಸರಿ. 42 ಸಾವಿರ ಕೊಡಬೇಡಿ.

ಕಂಪ್ಯೂಟರ್ ಸೆಟ್ಟಿನ ಜೊತೆ ಗಂಟು ಹಾಕಿ ಕೊಡುವ 600 ವಿಎ ಪುಟ್ಟ ಯುಪಿಎಸ್ಸನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. 600 ಎಂಬ ಅಂಕಿಗೂ ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಅದು ಹೊರಬಲ್ಲದ್ದು ಸುಮಾರು 360 ವ್ಯಾಟ್, ಒಳಗಿರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ, ಗುಣಿಸಿದರೆ 84 ವ್ಯಾಟ್-ಅವರ್. ಅಷ್ಟು ಚಿಕ್ಕ ಬ್ಯಾಟರಿಯಿಂದ 125 ವ್ಯಾಟ್ ಎಳೆದರೆ ಅದರಲ್ಲಿ ಅರ್ಧವೂ ಕೈಗೆ ಸಿಗುವುದಿಲ್ಲ. ಹೊಸದರಲ್ಲಿ ಕಾಲು ಗಂಟೆ, ಒಂದೆರಡು ಬೇಸಿಗೆ ಕಳೆದ ಮೇಲೆ ಫೈಲ್ ಸೇವ್ ಮಾಡುವಷ್ಟು ಹೊತ್ತು, ಆಮೇಲೆ ಬರೀ ಬೀಪ್ ಸದ್ದು. ಅದಕ್ಕೆ ಮೂರು ಸಾವಿರ, ಬ್ಯಾಟರಿ ಬದಲಿಸಲು ಮತ್ತೆ ಸಾವಿರ. ಒಳ್ಳೆಯ ಸೈನ್‌ವೇವ್ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿಟ್ಟರೆ ಕರೆಂಟು ಹೋದಾಗ ಕಂಪ್ಯೂಟರ್ ಆರುವುದಿಲ್ಲ. ನಡುವೆ ಇನ್ನೊಂದು ಡಬ್ಬಿ ಯಾಕೆ?

ಮೊಳಕಾಲ್ಮೂರಿನಲ್ಲಿರುವ ನನ್ನ ತಂಗಿ ಸೀರೆ ಮಾರುತ್ತಾಳೆ. ಕೈಮಗ್ಗಕ್ಕೆ ಕರೆಂಟು ಬೇಡ, ಆದರೆ ಆರ್ಡರು, ಬಿಲ್ಲು, ಪಾರ್ಸೆಲ್ ಚೀಟಿ ಎಲ್ಲಕ್ಕೂ ಬೇಕು. “ಅಕ್ಕಾ, ನಿನ್ನಂಗೇ ನಂಗೂ ಒಂದು ಸೆಟ್ಟು ಹಾಕ್ಸಿಕೊಡು” ಎಂದಳು. ಬೇಡ ಎಂದೆ. ಅವಳ ಹತ್ತಿರ ಹಳೆ ಡೆಸ್ಕ್‌ಟಾಪ್ ಇಲ್ಲ. ಹೊಸದಾಗಿ ಕೊಳ್ಳುವವರಿಗೆ ಲ್ಯಾಪ್‌ಟಾಪ್ ಒಂದು, ಪಕ್ಕಕ್ಕೆ ಮಾನಿಟರ್ ಒಂದು. ಲ್ಯಾಪ್‌ಟಾಪಿನದೇ ಒಂದು ಪರದೆ, ಅದರ ಹೊಟ್ಟೆಯಲ್ಲೇ ಬ್ಯಾಟರಿ. ವೈಫೈ ಡಬ್ಬಿಗೆ 12 ವೋಲ್ಟಿನ ಸಣ್ಣ ಬ್ಯಾಕಪ್ ಸಾವಿರದೈನೂರಕ್ಕೆ ಬಂತು. ಕರೆಂಟು ಹೋದಾಗ ಅವಳ ಎರಡನೇ ಪರದೆ ಆರುತ್ತದೆ, ಕೆಲಸ ನಿಲ್ಲುವುದಿಲ್ಲ.

ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ನೋಡಿಕೊಳ್ಳಿ. 125 ವ್ಯಾಟ್ ದಿನಕ್ಕೆ 8 ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 26. 2022-23ರಲ್ಲಿ ನಿಮ್ಮ ಸರಾಸರಿ 60 ಯೂನಿಟ್ ಇದ್ದರೆ ಉಚಿತ ಸಿಗುವುದು 66ರವರೆಗೆ. ಮನೆಗೆ ಹೊಸದಾಗಿ ಕಂಪ್ಯೂಟರ್ ಬಂದರೆ 20 ಯೂನಿಟ್ ಕೈಯಿಂದ ಕಟ್ಟಬೇಕಾಗುತ್ತದೆ. ಊಟಕ್ಕೆ ಏಳುವಾಗ ಮಾನಿಟರ್ ಆರಿಸಿ. ಲೇಸರ್ ಪ್ರಿಂಟರನ್ನು ಇನ್ವರ್ಟರ್ ಲೈನಿಗೆ ಕೊಡಬೇಡಿ, ಬಿಸಿಯಾಗುವಾಗ ಅದೊಂದೇ ಮಿಕ್ಕೆಲ್ಲದರ ಹಲವು ಪಟ್ಟು ಎಳೆಯುತ್ತದೆ. ಟ್ಯಾಲಿಯ ಬ್ಯಾಕಪ್ ಪ್ರತಿ ಸಂಜೆ ಪೆನ್‌ಡ್ರೈವಿಗೆ ಹೋಗಲಿ. ತಿಂಗಳ ರಿಟರ್ನನ್ನು 20ನೇ ತಾರೀಖಿನ ರಾತ್ರಿಗೆ ಇಟ್ಟುಕೊಳ್ಳುವ ಅಭ್ಯಾಸ ಬಿಡಿ. ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆ ಬಾಕಿ ಇದ್ದರೆ ಶೇ 18 ಬಡ್ಡಿ. 15ರೊಳಗೆ ಕಾಗದಪತ್ರ ತಂದುಕೊಡುವ ಗಿರಾಕಿಗೆ ಯಾವ ಬ್ಯಾಟರಿಯ ಹಂಗೂ ಇಲ್ಲ. ಇದನ್ನು ನಾನು ಪ್ರತಿ ತಿಂಗಳೂ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ.

ಕೊನೆಗೆ ಬಿಲ್ಲು. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಸೀಸದ ಬ್ಯಾಟರಿಗೆ ಶೇ 28, ಲಿಥಿಯಂಗೆ ಶೇ 18 ಜಿಎಸ್‌ಟಿ ಇತ್ತು. ಈಗ ಎರಡಕ್ಕೂ 18. 42 ಸಾವಿರದಲ್ಲಿ ತೆರಿಗೆಯೇ 6,407 ರೂಪಾಯಿ. ನೀವು ನೋಂದಾಯಿತರಾಗಿದ್ದು, ಬ್ಯಾಟರಿ ವ್ಯವಹಾರದ ಕೆಲಸಕ್ಕೇ ಇದ್ದು, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೆ ಅದು ಇನ್‌ಪುಟ್ ಆಗಿ ವಾಪಸ್ ಬರುತ್ತದೆ. ಬಿಲ್ ಬೇಡವೆಂದರೆ ಸಾವಿರ ರೂಪಾಯಿ ಬಿಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ಆ ಸಾವಿರಕ್ಕೆ 6,407 ರೂಪಾಯಿಯೂ ಹೋಗುತ್ತದೆ, ಐದು ವರ್ಷದ ಗ್ಯಾರಂಟಿಯೂ ಹೋಗುತ್ತದೆ.