ಮೊದಲ ಚೆಕ್ಕು ಟ್ರಸ್ಟಿಗಳದ್ದಿರಲಿ

ಮಗಳೇ, ನಿಮ್ಮೂರಿನ ಮ್ಯೂಸಿಯಂನ ಹೊಸ ಕಟ್ಟಡಕ್ಕೆ ದೇಣಿಗೆ ಸಂಗ್ರಹಿಸುವ ಹೊಣೆಯನ್ನು ಟ್ರಸ್ಟಿನವರು ನಿನ್ನ ಹೆಗಲಿಗೆ ಹಾಕಿದ್ದಾರಲ್ಲ, ನೀನು ಕಳಿಸಿದ ಯೋಜನೆಯನ್ನು ಪೂರ್ತಿ ಓದಿದೆ. ಕಿರುಹೊತ್ತಗೆ ಅಚ್ಚುಕಟ್ಟಾಗಿದೆ. ಆರ್ಕಿಟೆಕ್ಟ್ ಬರೆದ ಚಿತ್ರಗಳು ಕಣ್ಣು ತುಂಬುತ್ತವೆ. ಬೆಂಗಳೂರಿನ ಕಂಪನಿಗಳ ಪಟ್ಟಿಯಂತೂ ಪುಟಗಟ್ಟಲೆ ಇದೆ. ಆದರೆ ಯಾರಿಂದ ಎಷ್ಟು ಬರಬಹುದು ಎಂದು ನೀನು ಲೆಕ್ಕ ಹಾಕಿದ ಆ ಪಟ್ಟಿಯಲ್ಲಿ ನಿಮ್ಮ ಟ್ರಸ್ಟಿಗಳ ಹೆಸರು ಒಂದೂ ಇಲ್ಲ. ಇಂಥ ಸಂಸ್ಥೆಗಳಲ್ಲಿ ಬಹಳ ಕಾಲ ಖಜಾಂಚಿಯಾಗಿದ್ದವನು ಹೇಳುತ್ತಿದ್ದೇನೆ: ಹೊರಗಿನವರ ಬಾಗಿಲು ತಟ್ಟುವ ಮೊದಲು ಟ್ರಸ್ಟಿಗಳ ಚೆಕ್ಕು ಬ್ಯಾಂಕು ಸೇರಿರಬೇಕು.

ಯಾಕೆಂದರೆ ದುಡ್ಡಿರುವವರು ಬುದ್ಧಿವಂತರು. ಕಾಫಿ ಕೊಟ್ಟು, ನಿನ್ನ ಮಾತನ್ನೆಲ್ಲ ಕೇಳಿ, ಕೊನೆಗೆ ಒಂದು ಪ್ರಶ್ನೆ ಹಾಕುತ್ತಾರೆ: ‘ನಿಮ್ಮ ಅಧ್ಯಕ್ಷರು ಎಷ್ಟು ಹಾಕಿದ್ದಾರೆ?’ ಅದಕ್ಕೆ ಉತ್ತರವಿಲ್ಲದಿದ್ದರೆ ಮಾತು ಹವಾಮಾನದ ಕಡೆ ತಿರುಗುತ್ತದೆ. ಮೊತ್ತ ದೊಡ್ಡದಿರಬೇಕೆಂದಿಲ್ಲ. ನಿಮ್ಮ ಟ್ರಸ್ಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ರೈಸ್ ಮಿಲ್ಲಿನ ಮಾಲೀಕರೂ ಇದ್ದಾರೆ. ಮೇಷ್ಟ್ರ ಹತ್ತು ಸಾವಿರಕ್ಕೆ ಮಿಲ್ಲಿನವರ ಇಪ್ಪತ್ತು ಲಕ್ಷದಷ್ಟೇ ಬೆಲೆಯಿದೆ. ಎಲ್ಲರೂ ಅವರವರ ಶಕ್ತಿಗೆ ತಕ್ಕಂತೆ ಕೊಟ್ಟಿದ್ದಾರೆ, ಒಬ್ಬರೂ ಬಿಟ್ಟಿಲ್ಲ ಎಂದು ನೀನು ಧೈರ್ಯವಾಗಿ ಹೇಳುವಂತಿದ್ದರೆ ಸಾಕು.

ನಮ್ಮಲ್ಲೇ ನೋಡು. ರಾಮನಗರದ ಜನಪದ ಮ್ಯೂಸಿಯಂ ಜಾನಪದ ಲೋಕಕ್ಕೆ ಅಷ್ಟು ಹೆಸರು ಬಂದದ್ದು ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ತಾವೇ ಹಳ್ಳಿ ಹಳ್ಳಿ ಅಲೆದು ವಸ್ತುಗಳನ್ನು ಕೂಡಿಸಿದ್ದರಿಂದ. ಐಎಎಸ್ ಅಧಿಕಾರಿಯಾಗಿದ್ದವರು ಕಣಮ್ಮ, ಇನ್ನೊಬ್ಬರಿಗೆ ಹೇಳಿ ತರಿಸಬಹುದಿತ್ತು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ‘ಮ್ಯಾಪ್’ ಕೂಡ ಹಾಗೇ. ಸ್ಥಾಪಕ ಅಭಿಷೇಕ್ ಪೊದ್ದಾರ್ ಮೊದಲು ತಮ್ಮ ಸ್ವಂತ ಸಂಗ್ರಹವನ್ನು ಕೊಟ್ಟರು. ಇವತ್ತು ಅಲ್ಲಿ ಸಾಸ್ಕೆನ್ ಹೆಸರಿನ ಗ್ಯಾಲರಿಯಿದೆ, ಮಜುಂದಾರ್ ಶಾ ಹೆಸರಿನ ಸಭಾಂಗಣವಿದೆ. ಕರೆಯುವವನ ಕೈ ಮೊದಲು ಬಿಚ್ಚಿರುವುದು ಕಂಡರೆ ಬೇರೆಯವರ ಕೈಯೂ ಜೇಬಿಗೆ ಹೋಗುತ್ತದೆ.

ಇನ್ನು ಕೇಳಲು ಹೋಗುವವರು ಯಾರು? ನೀನಂತೂ ಒಬ್ಬಳೇ ಹೋಗಬೇಡ. ಮದುವೆಗೆ ಕರೆಯಲು ಮನೆಯ ಹಿರಿಯರೇ ಅಕ್ಷತೆ ಹಿಡಿದು ಬಂದರೆ ಒಂದು ಮರ್ಯಾದೆ, ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಬಂದರೆ ಇನ್ನೊಂದು. ಇದೂ ಹಾಗೇ, ಅಧ್ಯಕ್ಷರೇ ಹೋಗಬೇಕು. ಅವರನ್ನು ಹೊರಡಿಸುವುದು, ಹೊರಟ ಮೇಲೆ ಕೆಲಸ ಕೆಡದಂತೆ ನೋಡಿಕೊಳ್ಳುವುದು ನಿನ್ನ ಪಾಲು. ಹೊರಡುವ ಹಿಂದಿನ ದಿನ ಒಂದೇ ಪುಟ ಬರೆದು ಅವರ ಕೈಗೆ ಕೊಡು: ಕೇಳಲು ಹೋಗುವ ಮನೆಯವರ ಹಿನ್ನೆಲೆಯೇನು, ಹಿಂದೆ ನಮಗೆ ಏನು ಕೊಟ್ಟಿದ್ದಾರೆ, ಮನೆಯಲ್ಲಿ ಇಂಥದರಲ್ಲಿ ಆಸಕ್ತಿ ಇರುವವರು ಯಾರು, ಈ ಸಲ ಯಾವುದಕ್ಕೆ ಎಷ್ಟು ಕೇಳಬೇಕು. ಎರಡನೇ ಪುಟ ಬರೆದರೆ ಯಾವ ಅಧ್ಯಕ್ಷರೂ ಓದುವುದಿಲ್ಲ.

ಮೊತ್ತವನ್ನು ಬಾಯಿಬಿಟ್ಟು ಹೇಳಿಸುವುದೇ ಕಷ್ಟದ ಕೆಲಸ. ನಮ್ಮ ಹಿರಿಯರಿಗೆ ಸಂಕೋಚ ಹೆಚ್ಚು. ಊರಿನ ಇತಿಹಾಸವನ್ನೆಲ್ಲ ಹೇಳಿ, ಕೊನೆಗೆ ‘ಏನಾದರೂ ಸಹಾಯ ಮಾಡಿ’ ಎಂದು ಎದ್ದುಬಿಡುತ್ತಾರೆ. ‘ಏನಾದರೂ’ ಎಂದು ಕೇಳಿದರೆ ಐದು ಸಾವಿರ ಬರುತ್ತದೆ. ‘ತಾಳೆಗರಿ ಹಸ್ತಪ್ರತಿಗಳನ್ನು ಇಡುವ ಕೋಣೆಗೆ ಹನ್ನೆರಡು ಲಕ್ಷ ಬೇಕು, ಅದನ್ನು ತಾವು ವಹಿಸಿಕೊಳ್ಳಬೇಕು’ ಎಂದು ಕೇಳಿದರೆ ಹನ್ನೆರಡು ಬಾರದಿದ್ದರೂ ಆರಾದರೂ ಬರಬಹುದು. ಕೇಳಿದ ಮೇಲೆ ಇಬ್ಬರೂ ಸುಮ್ಮನಿರಿ. ಆ ಮೌನಕ್ಕೆ ಹೆದರಿ ಅಧ್ಯಕ್ಷರೇ ‘ಅಷ್ಟಾಗದಿದ್ದರೆ ಸ್ವಲ್ಪ ಕಡಿಮೆಯಾದರೂ...’ ಎಂದು ಇಳಿಸಿಬಿಡುವುದುಂಟು. ಅದನ್ನು ತಡೆಯಲು ಜೊತೆಯಲ್ಲಿ ನೀನಿರಬೇಕು.

ಎಲ್ಲ ಟ್ರಸ್ಟಿಗಳಿಗೂ ಕೇಳುವ ಕಲೆ ಬರುವುದಿಲ್ಲ. ಸಭೆಯಲ್ಲಿ ಮೇಜು ಕುಟ್ಟಿ ‘ಒಂದು ಕೋಟಿ ನನ್ನ ಜವಾಬ್ದಾರಿ’ ಎಂದವರು ಆಮೇಲೆ ಫೋನ್ ಎತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಅವರಿಗೆ ಚಿಕ್ಕ ಕೆಲಸ ಕೊಡು, ಇಬ್ಬರಿಗೆ ಪರಿಚಯ ಮಾಡಿಸಲಿ, ಒಂದು ಪತ್ರಕ್ಕೆ ಸಹಿ ಹಾಕಲಿ. ಸಭೆಯ ನಡಾವಳಿಯಲ್ಲಿ ಮಾತ್ರ ಅವರು ಹೇಳಿದ ಮೊತ್ತವನ್ನು ಹೆಸರು ಸಹಿತ ಬರೆಸು. ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ ನೀನು ಏನೂ ಹೇಳಬೇಕಾಗಿಲ್ಲ.

ನಿನ್ನ ಯೋಜನೆಯಲ್ಲಿ ಎರಡೇ ವರ್ಷ ಅಂದಿದ್ದೀಯ. ಇರಲಿ. ಆದರೆ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಕಥೆ ನೆನಪಿಟ್ಟುಕೋ. ಊರಿನ ಗಣ್ಯರು ಸಮಿತಿ ಕಟ್ಟಿಕೊಂಡು, ಸಾರ್ವಜನಿಕರಿಂದ ವಂತಿಗೆ ಎತ್ತಿ ಮಾಡಿದ ಕೆಲಸ ಅದು. 1905ರ ನವೆಂಬರಿನಲ್ಲಿ ಶಂಕುಸ್ಥಾಪನೆ. ಕಟ್ಟಡ ಮುಗಿದದ್ದು 1915ರಲ್ಲಿ. ಅಷ್ಟರಲ್ಲಿ ಮಹಾಯುದ್ಧ ಬಂದು ಅದು ಸೈನಿಕರ ಆಸ್ಪತ್ರೆಯಾಯಿತು, ಸಮಿತಿಯ ಕೈಗೆ ಮರಳಿದ್ದು 1920ರಲ್ಲಿ, ಜನರಿಗೆ ತೆರೆದದ್ದು 1922ರ ಜನವರಿಯಲ್ಲಿ. ಮೊದಲ ವರ್ಷ ಕೊಟ್ಟವರು ಹದಿನಾರು ವರ್ಷ ಕಾದರು. ನಿಮ್ಮದು ಅಷ್ಟು ತಡವಾಗದಿರಲಿ. ಆದರೂ ಲೈಸೆನ್ಸು, ಮಳೆಗಾಲ, ಗುತ್ತಿಗೆದಾರರ ಜಗಳ ಎಲ್ಲ ಬರುತ್ತವೆ. ಕೆಲಸ ಓಡುತ್ತಿರುವಾಗ ಎಲ್ಲರೂ ದಾನಿಗಳಿಗೆ ಫೋಟೊ ಕಳಿಸುತ್ತಾರೆ. ಕೆಲಸ ನಿಂತಾಗ ಕಾಗದ ಬರೆಯುವವರು ಕಡಿಮೆ. ನಿಂತಾಗಲೇ ಬರೆ. ಯಾಕೆ ನಿಂತಿತು, ಹಣ ಎಲ್ಲಿದೆ, ಯಾವ ಬ್ಯಾಂಕಿನಲ್ಲಿ ಠೇವಣಿಯಿದೆ ಎಂದು ಅಧ್ಯಕ್ಷರ ಸಹಿಯಲ್ಲೇ ಹೋಗಲಿ. ಕೊಟ್ಟವರಿಗೆ ಊರ ಬಾಯಿಂದ ಸುದ್ದಿ ಮುಟ್ಟಿದರೆ ಎರಡನೇ ಸಲ ಅವರು ಕೊಡುವುದಿಲ್ಲ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ, ಉಳಿದದ್ದನ್ನು ಆಡಿಟರ್ ಹತ್ತಿರ ಕೂತು ಕಲಿ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಎಂದು ಎಲ್ಲರಿಗೂ ಆಸೆ ತೋರಿಸಬೇಡ. ಹೊಸ ತೆರಿಗೆ ಪದ್ಧತಿಗೆ ಹೋದ ವ್ಯಕ್ತಿಗಳಿಗೆ ಅದು ಸಿಗುವುದಿಲ್ಲ, ಎರಡು ಸಾವಿರ ರೂಪಾಯಿ ಮೀರಿದ ನಗದಿಗೂ ಇಲ್ಲ. ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಸಾಮಾಜಿಕ ಹೊಣೆಗೆಂದು ತೆಗೆದಿಡುವ ಹಣ, ಮ್ಯೂಸಿಯಂಗೆ ಬರಲು ದಾರಿಯಿದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಸೇರಿದೆ. ಆದರೆ 2021ರ ತಿದ್ದುಪಡಿಯ ಮೇಲೆ ಆ ಹಣವನ್ನು ಮೂಲನಿಧಿಗೆ ಹಾಕುವಂತಿಲ್ಲ. ಇದು ದೊಡ್ಡ ವಿಷಯ ಮಗಳೇ. ಕಟ್ಟಡಕ್ಕೆ, ಗಾಜಿನ ಕಪಾಟಿಗೆ ಎಲ್ಲರೂ ಕೊಡುತ್ತಾರೆ. ಕಾವಲುಗಾರನ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ, ಗೆದ್ದಲು ಔಷಧಕ್ಕೆ ಯಾರೂ ಕೊಡುವುದಿಲ್ಲ. ಅದೆಲ್ಲ ನಡೆಯುವುದು ಮೂಲನಿಧಿಯ ಬಡ್ಡಿಯಲ್ಲಿ. ಆದ್ದರಿಂದ ಕಂಪನಿಗಳನ್ನು ಕಟ್ಟಡಕ್ಕೆ ಕೇಳು, ಊರಿನ ಮನೆತನಗಳನ್ನು, ಟ್ರಸ್ಟಿಗಳನ್ನು ಮೂಲನಿಧಿಗೆ ಕೇಳು. ಹಾಗೆ ಕೊಟ್ಟವರಿಂದ ‘ಇದು ಮೂಲನಿಧಿಗೆ’ ಎಂದು ಬರವಣಿಗೆಯಲ್ಲಿ ಪಡೆದುಕೋ.

ಅಮೆರಿಕದ ಕನ್ನಡ ಕೂಟಗಳ ಕಡೆಯಿಂದ ನೆರವು ಬರುತ್ತದೆಂದೂ ಬರೆದಿದ್ದೀಯ. ಅಲ್ಲಿ ಒಂದು ತೊಡಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿನ ಪೌರರಾದವರು ಕಳಿಸಿದರೆ, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪ್ರೀತಿಯಿಂದ ಕಳಿಸಿದ ಹಣವನ್ನು ವಾಪಸ್ ಮಾಡುವ ಪ್ರಸಂಗ ತಂದುಕೊಳ್ಳಬೇಡ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಬೆಳಕಿಗಿಂತ ದಾನಿಯ ಹೆಸರೇ ಎದ್ದು ಕಾಣುವ ಟ್ಯೂಬ್‌ಲೈಟುಗಳನ್ನು ನಮ್ಮ ದೇವಸ್ಥಾನಗಳಲ್ಲಿ ನೋಡಿದ್ದೀಯ. ನಗಬೇಡ, ಹೆಸರು ಉಳಿಯಲಿ ಎಂಬ ಆಸೆ ತಪ್ಪಲ್ಲ. ಅದಕ್ಕೊಂದು ಕರಾರು ಇರಬೇಕು ಅಷ್ಟೆ. ನಿಮ್ಮ ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸಿರುವ ದತ್ತಿಶಾಸನಗಳನ್ನೇ ಓದು. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಸೇವೆಗೆ, ಭೂಮಿಯ ನಾಲ್ಕು ಗಡಿ ಯಾವುವು, ಸಾಕ್ಷಿಗಳಾರು, ದತ್ತಿಯನ್ನು ಅಳಿದವರಿಗೆ ಏನು ಪಾಪ, ಎಲ್ಲವೂ ಕಲ್ಲಿನಲ್ಲಿದೆ. ಶಾಪವೊಂದನ್ನು ಬಿಟ್ಟು ಉಳಿದದ್ದೆಲ್ಲ ನಿನ್ನ ಕರಾರಿನಲ್ಲೂ ಇರಲಿ. ಜೊತೆಗೆ ಆ ಶಾಸನಗಳಲ್ಲಿಲ್ಲದ ಒಂದು ಷರತ್ತು ಸೇರಿಸು: ಹೆಸರಿನಿಂದ ಸಂಸ್ಥೆಗೆ ಕಳಂಕ ಬಂದರೆ ತೆಗೆಯುವ ಹಕ್ಕು ಟ್ರಸ್ಟಿಗೆ ಉಂಟು ಎಂದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಈಜಿಪ್ಟಿನ ದೆಂಡೂರ್ ದೇವಾಲಯ ಇಟ್ಟಿರುವ ಭಾಗಕ್ಕೆ ದಶಕಗಳ ಕಾಲ ಸ್ಯಾಕ್ಲರ್ ಮನೆತನದ ಹೆಸರಿತ್ತು. ಆ ಮನೆತನದ ಕಂಪನಿಯ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಚಟಕ್ಕೆ ಎಷ್ಟೋ ಜನರನ್ನು ದೂಡಿತೆಂದು ಕಲಾವಿದರು ಮ್ಯೂಸಿಯಂ ಒಳಗೇ ಪ್ರತಿಭಟಿಸಿದರು. 2021ರ ಡಿಸೆಂಬರಿನಲ್ಲಿ ಆ ಹೆಸರನ್ನು ಏಳು ಕಡೆಗಳಿಂದ ತೆಗೆಯುವುದಾಗಿ ಮ್ಯೂಸಿಯಂ ಪ್ರಕಟಿಸಿತು.

ಅಷ್ಟು ದೂರವೇಕೆ, ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ದತ್ತು ಯೋಜನೆಯಲ್ಲಿ ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಸರ್ಕಾರ ಒಪ್ಪಂದ ಮಾಡಿಕೊಂಡಾಗ ಊರಿನ ಕಲಾವಿದರು ಸಿಟ್ಟಿಗೆದ್ದು ಹೋರಾಡಿದರು, ಒಪ್ಪಂದ ಬಿದ್ದುಹೋಯಿತು. ಕೊಡಲು ಬಂದವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಆ ಜಾಗ ತಮ್ಮದೆಂದು ನಂಬಿದವರನ್ನು ಯಾರೂ ಮೊದಲು ಕೂರಿಸಿ ಕೇಳಿರಲಿಲ್ಲ ಎಂಬುದೂ ಅವರ ದೂರು. ನಿಮ್ಮ ಊರಿನಲ್ಲೂ ಅಂಥವರಿದ್ದಾರೆ. ಐವತ್ತು ರೂಪಾಯಿಯೂ ಕೊಡಲಾರದ ಇತಿಹಾಸದ ಮೇಷ್ಟ್ರು, ಶಾಸನ ಹುಡುಕುವ ಹವ್ಯಾಸಿ, ತೊಗಲುಗೊಂಬೆ ಕೊಟ್ಟ ಮನೆಯವರು. ದಾನಿಗಳ ಸಭೆಗೆ ಮೊದಲು ಅವರ ಸಭೆ ಕರೆ, ಅಧ್ಯಕ್ಷರನ್ನು ಅಲ್ಲಿಗೂ ಕರೆದುಕೊಂಡು ಹೋಗು.

ವಸ್ತು ಕೊಡುವವರೂ ದಾನಿಗಳೇ. ಅಜ್ಜಿಯ ಒಡವೆಪೆಟ್ಟಿಗೆ ತಂದುಕೊಟ್ಟವರಿಗೂ ಲಕ್ಷ ಕೊಟ್ಟವರಿಗೂ ಒಂದೇ ರೀತಿಯ ಕೃತಜ್ಞತಾ ಪತ್ರ ಹೋಗಬೇಕು. ಆದರೆ ಹಳೆಯ ವಿಗ್ರಹ ತಂದವರ ಹತ್ತಿರ ದಾಖಲೆ ಕೇಳಲು ಹಿಂಜರಿಯಬೇಡ. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಎಲ್ಲಿಂದ ಬಂತೆಂದು ಹೇಳಲಾಗದ ವಿಗ್ರಹವನ್ನು ಕೊಡುವವರು ಎಷ್ಟೇ ದೊಡ್ಡವರಿರಲಿ, ಕೈಮುಗಿದು ಬೇಡವೆನ್ನು. ಆ ಮಾತನ್ನು ನೀನು ಆಡಬೇಡ, ಅಧ್ಯಕ್ಷರೇ ಆಡಲಿ.

ಮುಂದಿನ ಟ್ರಸ್ಟ್ ಸಭೆ ಯಾವಾಗ? ಅದರ ಕಾರ್ಯಸೂಚಿಯಲ್ಲಿ ಟ್ರಸ್ಟಿಗಳ ದೇಣಿಗೆಯನ್ನು ಮೊದಲ ವಿಷಯವಾಗಿ ಸೇರಿಸು, ‘ಇತರೆ ವಿಷಯಗಳು’ ಎಂಬ ಕೊನೆಯ ಸಾಲಿಗೆ ತಳ್ಳಲು ಬಿಡಬೇಡ. ಸಭೆಗೆ ಮೊದಲು ಅಧ್ಯಕ್ಷರ ಮನೆಗೆ ಹೋಗಿ ಅವರ ಮೊತ್ತವನ್ನು ತಿಳಿದುಕೊಂಡು ಬಾ. ಆ ವಿಷಯದ ಟಿಪ್ಪಣಿಯ ಕರಡು ಬರೆದು ಕಳಿಸು, ನೋಡಿಕೊಡುತ್ತೇನೆ. ಕಂಪನಿಗಳ ಪಟ್ಟಿ ಅಲ್ಲಿಯವರೆಗೆ ಮೇಜಿನ ಡ್ರಾಯರಿನಲ್ಲಿರಲಿ.