ದೋಣಿಯಲ್ಲಿ ಬರುವ ಗಿರಾಕಿ: ಕಾಶಿಯಿಂದ ಒಂದು ಪಾಠ



ಹಿನ್ನೀರು, ನದಿದಡ, ದ್ವೀಪಗಳಲ್ಲಿ ಹೋಟೆಲ್ ಮಾಡುವ ಉತ್ಸಾಹ ನಮ್ಮವರಲ್ಲಿದೆ. ದೋಣಿಯಲ್ಲಿ ಹೋಗಿ ಊಟ ಮಾಡುವುದೆಂದರೆ ಗಿರಾಕಿಗೂ ಖುಷಿ. ಆದರೆ ಅಡುಗೆಮನೆಯ ಲೆಕ್ಕ ಬೇರೆ. ಕಾಶಿಯ ಬಂಗಾಲಿ ಟೋಲಾದಲ್ಲಿ ವ್ಯಾಪಾರ ಮಾಡುವವನಾಗಿ, ಇಲ್ಲಿನ ಒಂದು ಉದಾಹರಣೆ ಮುಂದಿಡುತ್ತೇನೆ.

ನಮ್ಮ ಗಲ್ಲಿಯಿಂದ ಗಂಗೆಯ ಕಡೆ ಇಳಿದರೆ ದರ್ಭಂಗಾ ಘಾಟ್. ಅಲ್ಲಿನ ಅರಮನೆಯನ್ನು 1812ರ ಸುಮಾರಿಗೆ ನಾಗಪುರ ಸಂಸ್ಥಾನದ ಮಂತ್ರಿ ಶ್ರೀಧರ ನಾರಾಯಣ ಮುನ್ಷಿ ಕಟ್ಟಿಸಿದರು. 1915ರಲ್ಲಿ ದರ್ಭಂಗಾ ಮಹಾರಾಜರು ಕೊಂಡರು. ಈಗ ಅದು ಬ್ರಿಜ್‌ರಾಮ ಪ್ಯಾಲೇಸ್ ಎಂಬ ಹೋಟೆಲ್. ಊಟ ಪೂರ್ತಿ ಸಸ್ಯಾಹಾರ, ಮದ್ಯವಿಲ್ಲ. ಬಾಗಿಲಿಗೆ ಕಾರು ಬರುವುದಿಲ್ಲ, ಅತಿಥಿಗಳನ್ನು ದೋಣಿಯಲ್ಲಿ ಕರೆತರುತ್ತಾರೆ. ಅದು ದ್ವೀಪವಲ್ಲ. ಆದರೆ ಮುಂದೆ ನದಿ, ಹಿಂದೆ ಇಕ್ಕಟ್ಟಿನ ಗಲ್ಲಿ. ಇಂಥ ಜಾಗದಲ್ಲಿ ಮೊದಲು ದಾರಿ ನೋಡಬೇಕು, ಆಮೇಲೆ ಮೆನು ಬರೆಯಬೇಕು.

1. ಸಾಮಾನಿನ ದಾರಿ: ಮದನಪುರದ ದೊಡ್ಡ ರಸ್ತೆಯವರೆಗೆ ಮಾತ್ರ ಗಾಡಿ, ಮುಂದೆ ತಲೆಹೊರೆ. 19 ಕಿಲೋ ಗ್ಯಾಸಿನ ಸಿಲಿಂಡರ್ ತುಂಬಿದಾಗ ಸುಮಾರು 35 ಕಿಲೋ ತೂಗುತ್ತದೆ. ಪ್ರತಿ ಮೂಟೆಗೂ ಕೂಲಿ ಸೇರಿಸಿಯೇ ತಿಂಡಿಯ ದರ ಕಟ್ಟಿ. ಕಸವೂ ಅದೇ ದಾರಿಯಲ್ಲಿ ಹಿಂದೆ ಹೋಗಬೇಕು, ಅದರ ಖರ್ಚನ್ನೂ ಬರೆದಿಡಿ.

2. ಒಟ್ಟಿಗೆ ಬರುವ ಗುಂಪು: ರಸ್ತೆ ಬದಿಯ ಹೋಟೆಲಿಗೆ ಗಿರಾಕಿ ಒಬ್ಬೊಬ್ಬರಾಗಿ ಬರುತ್ತಾರೆ. ದೋಣಿ ಮೂವತ್ತು ಜನರನ್ನು ಒಮ್ಮೆಗೇ ಇಳಿಸುತ್ತದೆ. ದಶಾಶ್ವಮೇಧದ ಸಂಜೆ ಆರತಿ ಮುಗಿದರೆ ಕೇಳುವುದೇ ಬೇಡ. ಕಾವಲಿಯ ಮೇಲೆ ಒಂದು ಸಲಕ್ಕೆ ಆರು ದೋಸೆ, ನಾಲ್ಕು ನಿಮಿಷ ಎಂದಿಟ್ಟುಕೊಳ್ಳಿ. ಮೂವತ್ತನೆಯವರಿಗೆ ದೋಸೆ ಸಿಗಲು ಇಪ್ಪತ್ತು ನಿಮಿಷ ಬೇಕು. ಬಿಸಿಬೇಳೆಬಾತ್, ಪೊಂಗಲ್ ಆದರೆ ಬಡಿಸುವ ಹೊತ್ತಷ್ಟೇ. ಮೆನು ಚಿಕ್ಕದಿರಲಿ, ಕಾದರೂ ಕೆಡದ ಪದಾರ್ಥವಿರಲಿ.

3. ನೀರು ಏರುವ ದಿನಗಳು: ಕಾಶಿಯಲ್ಲಿ ಗಂಗೆಯ ಎಚ್ಚರಿಕೆ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262. 1978ರಲ್ಲಿ 73.901ಕ್ಕೆ ಏರಿತ್ತು. 2025ರ ಆಗಸ್ಟ್‌ನಲ್ಲೂ ಅಪಾಯದ ಮಟ್ಟ ದಾಟಿತು. ಘಾಟ್ ಮುಳುಗಿದರೆ ದೋಣಿ ಬಂದ್, ಆರತಿಯೂ ಮಹಡಿಯ ಮೇಲೆ. ಆಗ ಗಲ್ಲಿಯೊಂದೇ ಗತಿ. ನಮ್ಮ ಮಲ್ಪೆಯಲ್ಲೂ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ. ಅಲ್ಲಿ ಹಿಂದಿನ ಗಲ್ಲಿಯೂ ಇಲ್ಲ.

ವ್ಯಾಪಾರ ನಿಂತರೂ ಬಾಡಿಗೆ, ಭಟ್ಟರ ಸಂಬಳ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಒಂಬತ್ತು ತಿಂಗಳ ದುಡಿಮೆ ಹನ್ನೆರಡು ತಿಂಗಳ ಖರ್ಚು ಹೊರಬೇಕು. ಹೊರುವುದಾದರೆ ಮಾತ್ರ ಕೈ ಹಾಕಿ. ದೋಣಿ ಬಂದ್ ಆದ ದಿನಗಳ ಬಾಡಿಗೆ ಯಾರ ಮೇಲೆ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ನೀರಿನ ಪಕ್ಕದ ಜಾಗವನ್ನು ಎಲ್ಲರೂ ಚಳಿಗಾಲದಲ್ಲೇ ತೋರಿಸುತ್ತಾರೆ. ಅಡ್ವಾನ್ಸ್ ಕೊಡುವ ಮುನ್ನ ಆಗಸ್ಟ್‌ನಲ್ಲಿ ಒಮ್ಮೆ ಹೋಗಿ, ನೀರು ಎಲ್ಲಿಯವರೆಗೆ ಬಂದಿದೆ ಎಂದು ಕಣ್ಣಾರೆ ನೋಡಿ ಬನ್ನಿ.